ಜಾನ್ ವಿಲ್ಕ್ಸ್ ಬಗ್ಗೆ ಸೆಮಿನಾರು: ಎಲ್ಲಿಂದ ಶುರು ಮಾಡಲಿ?

ಶಾಯಿಗುಬ್ಬಿ:

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮದ ಎಂ.ಎ. ಓದ್ತಿದೀನಿ. ಮುಂದಿನ ಸೋಮವಾರ ಸೆಮಿನಾರು. ಚೀಟಿ ಎತ್ತಿದಾಗ ನನಗೆ ಬಂದ ಹೆಸರು ಜಾನ್ ವಿಲ್ಕ್ಸ್.

ನಮ್ಮ ನೋಟ್ಸಿನಲ್ಲಿ ಇವನ ಬಗ್ಗೆ ಇರೋದು ಎರಡೇ ಸಾಲು. 1763ರಲ್ಲಿ ‘ದಿ ನಾರ್ತ್ ಬ್ರಿಟನ್’ ಪತ್ರಿಕೆಯ 45ನೇ ಸಂಚಿಕೆಯಲ್ಲಿ ಮೂರನೇ ಜಾರ್ಜ್ ದೊರೆಯ ಭಾಷಣವನ್ನು ಟೀಕಿಸಿದ, ಬಂಧನವಾಯಿತು, ಪತ್ರಿಕಾ ಸ್ವಾತಂತ್ರ್ಯಕ್ಕೆ ಹೋರಾಡಿದ. ಅಷ್ಟೇ. ಲೈಬ್ರರಿಯಲ್ಲಿ ಕೂತು ಓದಿದರೆ ತಲೆ ಕೆಟ್ಟಿತು. ಒಂದು ಕಡೆ ಲಂಡನ್ನಿನ ಜನ ಬೀದಿಯಲ್ಲಿ ‘ವಿಲ್ಕ್ಸ್ ಮತ್ತು ಸ್ವಾತಂತ್ರ್ಯ’ ಅಂತ ಕೂಗಿ ಕಂಡಕಂಡ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 45 ಅಂತ ಬರೆದರು ಅಂತಿದೆ. ಇನ್ನೊಂದು ಕಡೆ ಮೆಡ್ಮನ್‌ಹ್ಯಾಮಿನ ಹಳೇ ಮಠದಲ್ಲಿ ಸನ್ಯಾಸಿ ವೇಷ ಹಾಕಿ ಕುಡಿಯುತ್ತಿದ್ದ ಗುಂಪಿನಲ್ಲಿದ್ದ, ಹೆಂಡತಿಯ ಆಸ್ತಿ ಕರಗಿಸಿದ, ಅಶ್ಲೀಲ ಪದ್ಯ ಅಚ್ಚು ಹಾಕಿಸಿದ ಅಂತಿದೆ. ಇಬ್ಬರೂ ಒಬ್ಬನೇನಾ?

45ರಲ್ಲಿ ಅಂಥದ್ದೇನಿತ್ತು? ಇಂಥವನನ್ನು ಹೀರೋ ಅಂತ ತೋರಿಸಿದರೆ ಕ್ಲಾಸಿನಲ್ಲಿ ಹುಡುಗಿಯರು ನನ್ನನ್ನು ಸುಮ್ಮನೆ ಬಿಡಲ್ಲ. ಹದಿನೈದು ನಿಮಿಷ ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ?

ತಕರಾರು:

ಲೆಕ್ಕದ ಪುಸ್ತಕದಿಂದ ಶುರು ಮಾಡಿ. 1757ರಲ್ಲಿ ಏಲ್ಸ್‌ಬರಿಯಿಂದ ಪಾರ್ಲಿಮೆಂಟಿಗೆ ಆರಿಸಿ ಬರೋದಕ್ಕೆ ಈ ಮಹಾನುಭಾವ ಸುರಿದದ್ದು ಸುಮಾರು 7000 ಪೌಂಡು. ಸಾಲ ಮೈಮೇಲೆ. ಆ ಕಾಲದಲ್ಲಿ ಎಂ.ಪಿ. ಆಗಿರುವವರೆಗೆ ಸಾಲಕ್ಕಾಗಿ ಯಾರೂ ಹಿಡಿದು ಒಳಗೆ ಹಾಕುವಂತಿರಲಿಲ್ಲ. ಆಮೇಲೆ ಆತ ಮತ್ತೆ ಮತ್ತೆ ಚುನಾವಣೆಗೆ ನಿಂತಿದ್ದರ ಹಿಂದೆ ಎಷ್ಟು ಸ್ವಾತಂತ್ರ್ಯ ಪ್ರೇಮ, ಎಷ್ಟು ಸಾಲ ಕೊಟ್ಟವರ ಭಯ ಅಂತ ನೀವೇ ಯೋಚಿಸಿ.

ಪತ್ರಿಕೆಯ ಹೆಸರೇ ಒಂದು ಕುಹಕ. ‘ನಾರ್ತ್ ಬ್ರಿಟನ್’ ಅಂದರೆ ಸ್ಕಾಟ್ಲೆಂಡಿನವನು. ಪ್ರಧಾನಿ ಬ್ಯೂಟ್ ಸ್ಕಾಟ್ಲೆಂಡಿನವನು ಅನ್ನೋ ಒಂದೇ ಕಾರಣಕ್ಕೆ ಆ ನಾಡಿನವರನ್ನೆಲ್ಲ ತಿರುಬೋಕಿಗಳು, ಹಸಿದು ಬಂದವರು ಅಂತ ವಾರವಾರವೂ ಹೀಯಾಳಿಸೋದು. ಇವತ್ತು ಯಾರಾದರೂ ಹಾಗೆ ಬರೆದರೆ ಅದನ್ನು ಪತ್ರಿಕಾ ಸ್ವಾತಂತ್ರ್ಯ ಅಂತೀರಾ?

ಕೊನೆಗೆ 1780ರಲ್ಲಿ ಲಂಡನ್ನಿನಲ್ಲಿ ದಂಗೆ ಎದ್ದಾಗ ಬ್ಯಾಂಕ್ ಆಫ್ ಇಂಗ್ಲೆಂಡ್ ಕಾಯಲು ನಿಂತು ಗುಂಪಿನ ಮೇಲೆ ಗುಂಡು ಹಾರಿಸಿದವರಲ್ಲಿ ಇವನೂ ಒಬ್ಬ. ಅದೇ ಬಡಜನರ ಗುಂಪು ಹನ್ನೆರಡು ವರ್ಷದ ಹಿಂದೆ ಇವನ ಗಾಡಿಯ ಕುದುರೆ ಬಿಚ್ಚಿ ತಾನೇ ಎಳೆದುಕೊಂಡು ಹೋಗಿತ್ತು.

ಅಚ್ಚುಮೊಳೆ:

ತಂಗಿ, ನಾನು ಪ್ರೊಫೆಸರಲ್ಲ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಹೊಟ್ಟೆ ಹೊರೆದವನು. ಕಂಪ್ಯೂಟರಿನ ಡಿ.ಟಿ.ಪಿ. ಬರೋವರೆಗೆ ಕೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ಕು, ಎದುರಿಗೆ ಮೊಳೆ ತುಂಬಿದ ಕೇಸು, ಅದೇ ನನ್ನ ಪ್ರಪಂಚ. ವಿಲ್ಕ್ಸ್ ನನಗೆ ಮೊದಲು ಸಿಕ್ಕಿದ್ದೂ ಅಲ್ಲೇ. ಕಾಲೇಜು ಹುಡುಗರ ಇತಿಹಾಸದ ಗೈಡೊಂದು ನಮ್ಮಲ್ಲಿ ಅಚ್ಚಾಗ್ತಿತ್ತು. ಒಂದೇ ಪುಟದಲ್ಲಿ ಆತನ ಹೆಸರು ಎಂಟು ಸಲ. ಲ ಕೆಳಗೆ ಕ ಒತ್ತು, ಅದರ ಪಕ್ಕಕ್ಕೆ ಸ ಒತ್ತು. ಸಣ್ಣ ಸೈಜಿನ ಸ ಒತ್ತು ನಮ್ಮ ಕೇಸಿನಲ್ಲಿ ಐದೋ ಆರೋ ಇದ್ದವು. ಮಾಲೀಕರಿಗೆ ಹೇಳಿದರೆ, ‘ವಿಲ್ಕಸ್ ಅಂತ ಹಾಕ್ಕೊಂಡು ಹೋಗಯ್ಯ, ಸತ್ತೋನು ಬಂದು ಪ್ರೂಫು ನೋಡ್ತಾನಾ’ ಅಂದರು. ಹಾಗೇ ಹಾಕಿದೆ. ಆ ಪಾಪಕ್ಕೋ ಏನೋ, ಈ ಮನುಷ್ಯ ಯಾರು ಅಂತ ಅವತ್ತಿನಿಂದ ಹುಡುಕ್ತಾ ಬಂದಿದೀನಿ.

ನನ್ನ ಮಾತು ಕೇಳೋದಾದರೆ ವಿಲ್ಕ್ಸ್‌ನಿಂದ ಶುರು ಮಾಡಬೇಡಿ. ವಿಲಿಯಂ ಹಕಲ್ ಅಂತ ಒಬ್ಬ ಅಚ್ಚುಕೂಟದ ಕೂಲಿಯವನಿದ್ದ. ಅವನಿಂದ ಶುರು ಮಾಡಿ.

ಮೊದಲು 45ರ ವಿಚಾರ ಮುಗಿಸ್ತೀನಿ. ಏಳು ವರ್ಷದ ಯುದ್ಧ ಮುಗಿದು 1763ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಂದವಾಯ್ತು. ಗೆದ್ದದ್ದರಲ್ಲಿ ಬಹಳಷ್ಟನ್ನು ಫ್ರಾನ್ಸಿಗೆ ವಾಪಸ್ ಕೊಟ್ಟರು ಅಂತ ಲಂಡನ್ನಿನಲ್ಲಿ ಅಸಮಾಧಾನ (ನಮ್ಮ ಪಾಂಡಿಚೇರಿಯೂ ಆ ವಾಪಸಾತಿಯಲ್ಲೇ ಫ್ರೆಂಚರಿಗೆ ಹೋದದ್ದು). ಸಾಲದ್ದಕ್ಕೆ ಸೇಬಿನ ಮದ್ಯ ಸೈಡರ್ ಮೇಲೆ ಹೊಸ ತೆರಿಗೆ, ಅದರ ನೆಪದಲ್ಲಿ ಅಧಿಕಾರಿಗಳು ಮನೆಯೊಳಗೆ ನುಗ್ಗಬಹುದು. ಆ ತೆರಿಗೆ ತಂದ ಹಣಕಾಸು ಮಂತ್ರಿ ಯಾರು ಗೊತ್ತಾ? ಸರ್ ಫ್ರಾನ್ಸಿಸ್ ಡ್ಯಾಶ್‌ವುಡ್, ಮೆಡ್ಮನ್‌ಹ್ಯಾಮ್ ಕುಡುಕರ ಗುಂಪಿನ ಯಜಮಾನ. ಒಟ್ಟಿಗೆ ಕುಡಿದವರೇ ಆಮೇಲೆ ಎದುರು ಬದುರು.

ಏಪ್ರಿಲ್ 19ಕ್ಕೆ ದೊರೆ ಪಾರ್ಲಿಮೆಂಟಿನಲ್ಲಿ ಒಪ್ಪಂದವನ್ನು ಹೊಗಳಿ ಭಾಷಣ ಓದಿದ. 23ಕ್ಕೆ 45ನೇ ಸಂಚಿಕೆ ಬಂತು, ಲೇಖಕರ ಹೆಸರಿಲ್ಲದೆ. ವಿಲ್ಕ್ಸ್ ಜಾಣ. ದೊರೆಯನ್ನು ನೇರ ಬೈಯಲಿಲ್ಲ. ದೊರೆಯ ಭಾಷಣ ಅಂದರೆ ಮಂತ್ರಿಯ ಭಾಷಣ ಅಂತಲೇ ಪಾರ್ಲಿಮೆಂಟೂ ಜನರೂ ಯಾವತ್ತೂ ತಿಳಿದುಕೊಂಡು ಬಂದಿದ್ದಾರೆ ಅಂತ ಪೀಠಿಕೆ ಹಾಕಿದ. ಆಮೇಲೆ, ಇಂಥ ಒಳ್ಳೆ ದೊರೆಯ ಬಾಯಲ್ಲಿ ಇಷ್ಟು ಹಸಿ ಸುಳ್ಳು ಹೇಳಿಸಿದ ಮಂತ್ರಿಗಳು ಎಂಥವರಿರಬೇಕು ಅಂತ ಮರುಗಿದ. ಓದಿದವರಿಗೆಲ್ಲ ಅರ್ಥವಾಯ್ತು. ದೊರೆಗೂ ಅರ್ಥವಾಯ್ತು.

ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ದೊರೆಯ ಮಂತ್ರಿ, ಹ್ಯಾಲಿಫ್ಯಾಕ್ಸ್ ವಾರಂಟು ಹೊರಡಿಸಿದ. ಅದರಲ್ಲಿ ಒಬ್ಬನ ಹೆಸರೂ ಇರಲಿಲ್ಲ. ಪತ್ರಿಕೆಯ ಹೆಸರಿತ್ತು, ‘ಬರೆದವರು, ಅಚ್ಚು ಹಾಕಿದವರು, ಹಂಚಿದವರು’ ಅಂತಿತ್ತು. ಯಾರನ್ನು ಹಿಡಿಯಬೇಕು ಅನ್ನೋದು ವಾರಂಟು ಹಿಡಿದುಕೊಂಡು ಹೊರಟ ಜವಾನರ ಇಷ್ಟ. ಮೂರ್ನಾಲ್ಕು ದಿನದಲ್ಲಿ 49 ಜನ ಸಿಕ್ಕಿಬಿದ್ದರು. ಬರೆದವನು ಒಬ್ಬ. ಮಿಕ್ಕವರಲ್ಲಿ ಬಹುಪಾಲು ಮೊಳೆ ಜೋಡಿಸುವವರು, ಪ್ರೆಸ್ಸು ಎಳೆಯುವವರು, ಅಂಗಡಿ ಹುಡುಗರು.

ಡ್ರೈಡನ್ ಲೀಚ್ ಅನ್ನೋ ಮುದ್ರಕನನ್ನು ರಾತ್ರಿ ಹಾಸಿಗೆಯಿಂದ ಎಬ್ಬಿಸಿ ಎಳೆದುಕೊಂಡು ಹೋದರು. ಅವನು 45 ಅಚ್ಚು ಹಾಕಿದವನೇ ಅಲ್ಲ! ಹಿಂದೆ ಯಾವುದೋ ಸಂಚಿಕೆ ಅವನಲ್ಲಿ ಅಚ್ಚಾಗಿತ್ತು, ಅಷ್ಟೇ. ಅವನ ಕೈಕೆಳಗೆ ಕೆಲಸಕ್ಕಿದ್ದವನು ನಮ್ಮ ಹಕಲ್. ವಾರಕ್ಕೆ ಒಂದು ಗಿನಿ, ಅಂದರೆ ಪೌಂಡಿಗಿಂತ ಚೂರು ಹೆಚ್ಚು, ಸಂಬಳ. ಅವನನ್ನು ಆರು ಗಂಟೆ ಹೊತ್ತು ಕೂರಿಸಿಕೊಂಡಿದ್ದರು. ಹೊಡೀಲಿಲ್ಲ, ಬಡೀಲಿಲ್ಲ. ದನದ ಮಾಂಸದ ಸ್ಟೇಕು, ಬಿಯರು ತರಿಸಿಕೊಟ್ಟು ಮರ್ಯಾದೆಯಾಗಿಯೇ ನೋಡಿಕೊಂಡರು. ಆಮೇಲೆ ಬಿಟ್ಟರು.

ಹಕಲ್ ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲ. ದೊರೆಯ ಜವಾನನ ಮೇಲೆ ದಾವೆ ಹೂಡಿದ. ಖರ್ಚಿಗೆ, ವಕೀಲರಿಗೆ ಹಿಂದೆ ನಿಂತವರು ವಿಲ್ಕ್ಸ್ ಕಡೆಯವರು, ಅದು ನಿಜ. ಜುಲೈ ತಿಂಗಳಲ್ಲಿ ಜ್ಯೂರಿ ಕೊಟ್ಟ ಪರಿಹಾರ 300 ಪೌಂಡು! ನಾನೇ ಲೆಕ್ಕ ಹಾಕಿದ್ದೀನಿ, ಆರು ಗಂಟೆಗೆ ಐದೂವರೆ ವರ್ಷದ ಸಂಬಳ. ವಿಲ್ಕ್ಸ್‌ಗೆ ಅವನ ದಾವೆಯಲ್ಲಿ 1000 ಪೌಂಡು ಸಿಕ್ಕಿದ್ದು ಡಿಸೆಂಬರಿನಲ್ಲಿ. ಅಂದರೆ ಅಚ್ಚುಕೂಟದವರು ಮೊದಲು ಗೆದ್ದರು, ಸಾಹೇಬರು ಆಮೇಲೆ. ಇದನ್ನು ಯಾವ ಗೈಡಿನಲ್ಲೂ ಹಾಕಿದ್ದು ನಾನು ಕಾಣೆ. ಗೈಡುಗಳನ್ನು ಜೋಡಿಸಿದವನೇ ಹೇಳ್ತಿದೀನಿ.

ವಿಲ್ಕ್ಸ್‌ನನ್ನು ಏಪ್ರಿಲ್ 30ಕ್ಕೆ ಹಿಡಿದು ಟವರಿಗೆ, ಅಂದರೆ ಲಂಡನ್ನಿನ ಕೋಟೆ ಜೈಲಿಗೆ, ಹಾಕಿದರು. ಗ್ರೇಟ್ ಜಾರ್ಜ್ ಸ್ಟ್ರೀಟಿನ ಮನೆಯ ಬೀರು, ಮೇಜಿನ ಬೀಗ ಒಡೆದು ಕಾಗದಪತ್ರ ಹೊತ್ತುಕೊಂಡು ಹೋದರು. ಒಂದು ವಾರದೊಳಗೆ ಕೋರ್ಟಿಗೆ ತಂದಾಗ ಆತ ಹೇಳಿದ ಮಾತು: ಇವತ್ತು ತೀರ್ಮಾನವಾಗೋದು ದೊಡ್ಡ ಮನೆತನದವರ ಸ್ವಾತಂತ್ರ್ಯ ಮಾತ್ರವಲ್ಲ, ನನಗೆ ಹೆಚ್ಚು ನಾಟುವುದು ನಡುಮಟ್ಟದ, ಕೆಳಮಟ್ಟದ ಜನರ ಸ್ವಾತಂತ್ರ್ಯ, ರಕ್ಷಣೆ ಬೇಕಾದವರೇ ಅವರು. ತಕರಾರು ಅವರೇ, ನಾಟಕ ಅನ್ನಿ, ಒಪ್ತೀನಿ. ಆದರೆ ಕೋರ್ಟಿನಲ್ಲಿ ನಿಂತು ಆ ಜನರ ಹೆಸರೆತ್ತಿದವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರು?

ಇನ್ನು ಆ ಅಶ್ಲೀಲ ಪದ್ಯ, ‘ಎಸ್ಸೇ ಆನ್ ವುಮನ್’. ಪೋಪ್ ಕವಿಯ ಪದ್ಯವೊಂದರ ಕೊಳಕು ಅಣಕ. ಅದನ್ನು ಸಮರ್ಥಿಸೋಕೆ ಹೋಗಬೇಡಿ, ನಿಮ್ಮ ಗೆಳತಿಯರು ಹೇಳೋದೇ ಸರಿ. ಮನೆಯಲ್ಲೇ ಪ್ರೆಸ್ಸು ಹಾಕಿಕೊಂಡು ಸ್ನೇಹಿತರಿಗೆ ಅಂತ ಹತ್ತು ಹನ್ನೆರಡು ಪ್ರತಿ ತೆಗೆಸುತ್ತಿದ್ದ. ಕೆಲಸಕ್ಕಿದ್ದ ಮೈಕೆಲ್ ಕರ್ರಿ ಕರಡಚ್ಚು ಇಟ್ಟುಕೊಂಡು ಸರ್ಕಾರಕ್ಕೆ ಮಾರಿದ. ಕರಡಚ್ಚು ಅಚ್ಚುಕೂಟದ ಹೊಸಿಲು ದಾಟಬಾರದು ಅನ್ನೋದು ನಮ್ಮ ಕಸುಬಿನ ಮೊದಲ ಪಾಠ, ಹಾಗಾಗಿ ನನಗೆ ಬರೆದವನಿಗಿಂತ ಆ ಕರ್ರಿ ಮೇಲೇ ಸಿಟ್ಟು. ನವೆಂಬರ್ 15ಕ್ಕೆ ಲಾರ್ಡ್ಸ್ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಛೀ ಥೂ ಅಂದವನು ಸ್ಯಾಂಡ್‌ವಿಚ್ ಪ್ರಭು. ಹೌದು, ಬೇಕರಿ ತಿಂಡಿಗೆ ಹೆಸರು ಕೊಟ್ಟವನೇ. ಅವನೂ ಮೆಡ್ಮನ್‌ಹ್ಯಾಮಿನ ಹಳೇ ಗಿರಾಕಿ. ಮಾರನೇ ದಿನ ವಿಲ್ಕ್ಸ್ ಹೈಡ್ ಪಾರ್ಕಿನಲ್ಲಿ ಇನ್ನೊಬ್ಬ ಎಂ.ಪಿ. ಜೊತೆ ಪಿಸ್ತೂಲಿನ ಕಾಳಗಕ್ಕೆ ನಿಂತು ಹೊಟ್ಟೆಗೆ ಗುಂಡು ತಿಂದ. ಕ್ರಿಸ್‌ಮಸ್ ಹೊತ್ತಿಗೆ ಪ್ಯಾರಿಸ್ಸಿಗೆ ಪರಾರಿ. ಇದನ್ನೆಲ್ಲ ಎರಡು ನಿಮಿಷದಲ್ಲಿ ಮುಗಿಸಿ, ಇಲ್ಲದಿದ್ದರೆ ಕ್ಲಾಸು ಇಲ್ಲೇ ಸಿಕ್ಕಿಕೊಳ್ಳುತ್ತೆ.

ಕರಿಕೋಟು:

ಮೇಷ್ಟ್ರೇ, ನೀವು ಪ್ರೊಫೆಸರಲ್ಲ ಅಂದದ್ದನ್ನು ನಂಬಲ್ಲ.

ಹಕಲ್ ಕೇಸಿಗೆ ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸ್ತೀನಿ. ಪರಿಹಾರ ವಿಪರೀತವಾಯ್ತು, ಮರುವಿಚಾರಣೆ ಆಗಲಿ ಅಂತ ಸರ್ಕಾರದ ಕಡೆಯವರು ಕೇಳಿದರು. ಮುಖ್ಯ ನ್ಯಾಯಮೂರ್ತಿ ಪ್ರ್ಯಾಟ್ ಒಪ್ಪಲಿಲ್ಲ. ಮೈಗೆ ಆದ ತೊಂದರೆಯನ್ನಷ್ಟೇ ನೋಡಿದ್ದರೆ 20 ಪೌಂಡು ಸಾಕಿತ್ತೇನೋ, ಆದರೆ ಜ್ಯೂರಿಗೆ ಕಂಡದ್ದು ಪ್ರಜೆಯ ಸ್ವಾತಂತ್ರ್ಯದ ದೊಡ್ಡ ಪ್ರಶ್ನೆ ಅಂದರು. ಹೆಸರಿಲ್ಲದ ವಾರಂಟು ಹಿಡಿದು ಸಾಕ್ಷ್ಯ ಹುಡುಕಲು ಮನೆಗೆ ನುಗ್ಗೋದು ಸ್ಪೇನಿನ ಇನ್‌ಕ್ವಿಸಿಷನ್‌ಗಿಂತ (ಧರ್ಮದ್ರೋಹಿಗಳನ್ನು ಹುಡುಕಿ ಶಿಕ್ಷಿಸುತ್ತಿದ್ದ ಮತವಿಚಾರಣೆ) ಕೆಟ್ಟದ್ದು ಅಂತಲೂ ಬರೆದರು. ಇದೇ ಪ್ರ್ಯಾಟ್ ಆಮೇಲೆ ಲಾರ್ಡ್ ಕ್ಯಾಮ್ಡನ್ ಆದರು. 1765ರಲ್ಲಿ ಎಂಟಿಕ್ ವಿರುದ್ಧ ಕ್ಯಾರಿಂಗ್ಟನ್ ಪ್ರಕರಣದ ತೀರ್ಪು ಅವರದೇ. ಅದು ಬೇರೆ ಪತ್ರಿಕೆಯ ಕೇಸು, ಆದರೆ ವಾರಂಟು ಹೊರಡಿಸಿದ ಕೈ ಅದೇ ಹ್ಯಾಲಿಫ್ಯಾಕ್ಸ್‌ದು.

ನಿಮ್ಮ ಸೆಮಿನಾರಿಗೆ ಉಪಯೋಗಕ್ಕೆ ಬರಬಹುದು: 2017ರಲ್ಲಿ ನಮ್ಮ ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂದ ತೀರ್ಪಿನಲ್ಲೂ ಎಂಟಿಕ್ ಪ್ರಕರಣದ ಪ್ರಸ್ತಾಪ ಬರುತ್ತೆ. ಆ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ತಕರಾರು:

ಅಚ್ಚುಮೊಳೆಯವರೇ, ನೀವು ಚೆನ್ನಾಗಿ ಬರೆದಿರಿ, ಆದರೂ ಒಂದು ಬಿಟ್ಟಿರಿ. ಕಲ್ಕತ್ತಾದಲ್ಲಿ 1780ರ ಜನವರಿಯಲ್ಲಿ ಹಿಕ್ಕಿ ‘ಬೆಂಗಾಲ್ ಗೆಜೆಟ್’ ಶುರು ಮಾಡಿದ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಬರೆದದ್ದಕ್ಕೆ 1781ರಲ್ಲಿ ಜೈಲು, ಮರುವರ್ಷ ಅವನ ಮೊಳೆಗಳನ್ನೇ ಜಪ್ತಿ ಮಾಡಿದರು. ಮೊಳೆಗಳನ್ನೇ! ಆಮೇಲೆ ಇಂಗ್ಲೆಂಡಿನಲ್ಲಿ ಹೇಸ್ಟಿಂಗ್ಸ್ ಮೇಲೆ ಆರೋಪ ಬಂದಾಗ, 1787ರಲ್ಲಿ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತು ಅವನ ಪರ ಮಾತಾಡಿದವರಲ್ಲಿ ನಿಮ್ಮ ವಿಲ್ಕ್ಸ್ ಇದ್ದ. ಇದಕ್ಕೇನಂತೀರಿ?

ಅಚ್ಚುಮೊಳೆ:

ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಸ್ವಾಮಿ. ವಯಸ್ಸಾದ ಮೇಲೆ ಆತ ಮೆತ್ತಗಾದ. 1779ರಿಂದ ಸಾಯೋವರೆಗೆ ಲಂಡನ್ ನಗರದ ಖಜಾಂಚಿ, ಒಳ್ಳೆ ಸಂಬಳ, ದೊರೆಯ ಜೊತೆಗೂ ರಾಜಿ. ಹಿಕ್ಕಿಯ ಮೊಳೆ ಜಪ್ತಿ ಮಾಡಿದ್ದು ಓದಿದಾಗ ನನಗೂ ಹೊಟ್ಟೆ ಉರಿದಿತ್ತು. ತಂಗಿ, ಇದನ್ನೂ ಹೇಳಿಬಿಡಿ, ಮುಚ್ಚಿಡಬೇಡಿ.

ಆದರೆ ನೀವು ಮೊದಲು ಹೇಳಿದ್ದಕ್ಕೆ ಉತ್ತರ ಇದೆ. ಸಾಲಕ್ಕೆ ಹೆದರಿ ಚುನಾವಣೆಗೆ ನಿಂತ ಅಂತೀರಿ. ನಿಂತವನ ಕಾರಣ ಏನಾದರೂ ಇರಲಿ, ಓಟು ಹಾಕಿದವರಿಗೆ ಯಾವ ಸಾಲ ಇತ್ತು? ಪ್ಯಾರಿಸ್ಸಿನಿಂದ ವಾಪಸ್ ಬಂದವನನ್ನು 1768ರ ಮಾರ್ಚಿನಲ್ಲಿ ಮಿಡ್ಲ್‌ಸೆಕ್ಸಿನ ಜನ ಪಾರ್ಲಿಮೆಂಟಿಗೆ ಆರಿಸಿದರು. 45 ಮತ್ತು ಆ ಪದ್ಯದ ಹಳೇ ಕೇಸು ಅಂತ ಅವನನ್ನು ಜೈಲಿಗೆ ಹಾಕಿದರು. ಮೇ 10ಕ್ಕೆ ಜೈಲಿನ ಹೊರಗೆ ಸೇಂಟ್ ಜಾರ್ಜ್ ಮೈದಾನದಲ್ಲಿ ಸೇರಿದ ಜನರ ಮೇಲೆ ಸಿಪಾಯಿಗಳು ಗುಂಡು ಹಾರಿಸಿ ಹೆಣ ಉರುಳಿದವು. 1769ರ ಫೆಬ್ರವರಿಯಲ್ಲಿ ಸದನ ಉಚ್ಚಾಟಿಸಿತು. ಜೈಲಿನಲ್ಲಿದ್ದವನನ್ನೇ ಜನ ಮತ್ತೆ ಆರಿಸಿದರು. ಸದನ ಆಗಲ್ಲ ಅಂತು. ಮತ್ತೆ ಆರಿಸಿದರು. ಏಪ್ರಿಲ್ 13ಕ್ಕೆ ನಾಲ್ಕನೇ ಸಲ: ವಿಲ್ಕ್ಸ್‌ಗೆ 1143, ಸರ್ಕಾರದ ಕಡೆಯ ಲಟ್ರೆಲ್‌ಗೆ 296. ಸದನ ಗೆದ್ದವನು ಲಟ್ರೆಲ್ ಅಂತ ಘೋಷಿಸಿತು! ಅಮೆರಿಕದ ಸೌತ್ ಕೆರೊಲೈನಾದ ಸಭೆ ಅಲ್ಲಿಂದ 1500 ಪೌಂಡು ಕಳಿಸಿತು. ಆ ಅನರ್ಹತೆಯ ನಿರ್ಣಯವನ್ನು ಸದನದ ದಾಖಲೆಯಿಂದ ಹೊಡೆದುಹಾಕಿಸೋಕೆ ವಿಲ್ಕ್ಸ್‌ಗೆ 1782ರ ಮೇ ತಿಂಗಳವರೆಗೆ ಬಡಿದಾಡಬೇಕಾಯ್ತು.

ನನಗೆ ಎಲ್ಲಕ್ಕಿಂತ ಇಷ್ಟ 1771ರ ಪ್ರಸಂಗ. ಆಗ ಪಾರ್ಲಿಮೆಂಟಿನ ಒಳಗೆ ಯಾರು ಏನು ಮಾತಾಡಿದರು ಅಂತ ಪತ್ರಿಕೆಯಲ್ಲಿ ಹಾಕೋದು ಅಪರಾಧ. ಆದರೂ ಮುದ್ರಕರು ಹಾಕ್ತಿದ್ದರು. ಸದನಕ್ಕೆ ಸಿಟ್ಟು ಬಂತು. ಇಬ್ಬರು ಮುದ್ರಕರನ್ನು ಹಿಡಿದುಕೊಟ್ಟರೆ ತಲೆಗೆ 50 ಪೌಂಡು ಅಂತ ದೊರೆಯ ಹೆಸರಲ್ಲಿ ಡಂಗುರವಾಯ್ತು. ವಿಲ್ಕ್ಸ್ ಆಗ ಲಂಡನ್ ನಗರದ ಆಲ್ಡರ್‌ಮನ್, ಅಂದರೆ ನ್ಯಾಯ ಕೊಡುವ ಅಧಿಕಾರವೂ ಇದ್ದವನು. ಜಾನ್ ವ್ಹೆಬಲ್ ಅನ್ನೋ ಮುದ್ರಕನನ್ನು ಒಬ್ಬ ‘ಹಿಡಿದು’ ವಿಲ್ಕ್ಸ್ ಮುಂದೆ ತಂದು ನಿಲ್ಲಿಸಿದ. ಹಿಡಿದವನೂ ಅಚ್ಚುಕೂಟದವನೇ, ಎಲ್ಲ ಮೊದಲೇ ಮಾತಾಡಿಕೊಂಡದ್ದು! ಇವನ ಅಪರಾಧ ಏನು ಅಂತ ವಿಲ್ಕ್ಸ್ ಗಂಭೀರವಾಗಿ ಕೇಳಿದ, ಏನೂ ಇಲ್ಲ ಅಂತಾಯ್ತು, ಬಿಟ್ಟ. ಹಿಡಿದವನಿಗೆ, ಹೋಗಪ್ಪಾ 50 ಪೌಂಡು ತಗೋ ಅಂತ ಸರ್ಟಿಫಿಕೇಟು ಬರೆದುಕೊಟ್ಟ. ಇದನ್ನು ಓದಿದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೇ ನಕ್ಕಿದ್ದು.

ಜಾನ್ ಮಿಲ್ಲರ್ ಅನ್ನೋ ಇನ್ನೊಬ್ಬ ಮುದ್ರಕನನ್ನು ಹಿಡಿಯೋಕೆ ಸದನದ ಜವಾನನೇ ಬಂದ. ಅವನ ಮೇಲೇ ಹಲ್ಲೆಯ ಕೇಸು ಹಾಕಿದರು. ಮೇಯರ್ ಬ್ರಾಸ್ ಕ್ರಾಸ್ಬಿಗೆ ಕಾಲುವಾಯು, ನೋವಿನಲ್ಲೇ ಕೂತು ವಿಲ್ಕ್ಸ್, ರಿಚರ್ಡ್ ಆಲಿವರ್ ಜೊತೆ ವಿಚಾರಣೆ ನಡೆಸಿದ. ಸದನ ಕ್ರಾಸ್ಬಿಯನ್ನೂ ಆಲಿವರನ್ನೂ ಟವರಿಗೆ ಹಾಕಿತು. ವಿಲ್ಕ್ಸ್‌ಗೆ ಕರೆ ಬಂದರೆ, ಮಿಡ್ಲ್‌ಸೆಕ್ಸಿನ ಸದಸ್ಯ ಅಂತ ಕರೆದರೆ ಬರ್ತೀನಿ ಅಂದ. ಕೊನೆಗೆ ಅವನ ವಿಚಾರಣೆಯನ್ನು ಏಪ್ರಿಲ್ 8ಕ್ಕೆ ಇಟ್ಟು, ಸದನವನ್ನು 9ರವರೆಗೆ ಮುಂದೂಡಿಬಿಟ್ಟರು. ಅವನನ್ನು ಮತ್ತೆ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅಲ್ಲಿಂದಾಚೆಗೆ ಸದನದ ಮಾತು ಪತ್ರಿಕೆಗೆ ಬರೋದನ್ನು ತಡೆಯೋ ಕೆಲಸ ಹಾಗೇ ಬಿದ್ದುಹೋಯ್ತು.

2019ರಲ್ಲಿ ಮಗಳ ಮನೆಗೆ ಅಂತ ಲಂಡನ್ನಿಗೆ ಹೋಗಿದ್ದೆ. ಅಳಿಯಂದಿರು ಅರಮನೆ, ಸೇತುವೆ ಎಲ್ಲ ತೋರಿಸಿದರು. ಫೆಟರ್ ಲೇನಿಗೆ ಕರಕೊಂಡು ಹೋಗಿ ಅಂದೆ, ಅವರಿಗೆ ಅಲ್ಲೇನಿದೆ ಅಂತ ಗೊತ್ತಿಲ್ಲ. ವಿಲ್ಕ್ಸ್‌ನ ಪ್ರತಿಮೆ ಇದೆ, 1988ರಲ್ಲಿ ನಿಲ್ಲಿಸಿದ್ದು. ಆತನಿಗೆ ಮೆಳ್ಳಗಣ್ಣು. ಪ್ರತಿಮೆಗೂ ಮೆಳ್ಳಗಣ್ಣೇ ಇಟ್ಟಿದ್ದಾರೆ, ತಿದ್ದಿಲ್ಲ. ಎದುರಿಗೆ ನಿಂತರೆ ನಮ್ಮನ್ನು ನೋಡ್ತಿದಾನೋ ಪಕ್ಕದ ಅಂಗಡಿ ನೋಡ್ತಿದಾನೋ ಗೊತ್ತಾಗಲ್ಲ. ಮನಸ್ಸಿನಲ್ಲೇ ಆ ಸ ಒತ್ತಿಗೆ ಕ್ಷಮೆ ಕೇಳಿ ಬಂದೆ.

ಶಾಯಿಗುಬ್ಬಿ:

ಅಂಕಲ್, ಎಲ್ಲರಿಗೂ ತುಂಬ ಥ್ಯಾಂಕ್ಸ್. ಹಕಲ್‌ನಿಂದಲೇ ಶುರು ಮಾಡ್ತೀನಿ. ನಿನ್ನೆ ರೂಮ್‌ಮೇಟ್ ಮುಂದೆ ಒಂದು ಸಲ ಓದಿದೆ. ಅವಳು ಕೇಳಿದ ಪ್ರಶ್ನೆಗೆ ತಡವರಿಸಿದೆ: ‘ಊಟ ಹಾಕಿ, ಬಿಯರು ಕೊಟ್ಟು, ಆರೇ ಗಂಟೆಯಲ್ಲಿ ಬಿಟ್ಟಿದ್ದಾರೆ. ಐದೂವರೆ ವರ್ಷದ ಸಂಬಳ ಕೊಡುವಂಥದ್ದು ಏನಾಯ್ತು?’ ಕಾನೂನಿನ ಉತ್ತರ ಕರಿಕೋಟು ಸರ್ ಹೇಳಿದ್ದಾರೆ. ಅದು ಬಿಟ್ಟು ಸಾಮಾನ್ಯ ಮಾತಿನಲ್ಲಿ ಹೇಗೆ ಹೇಳಲಿ?

ಅಚ್ಚುಮೊಳೆ:

ಇದನ್ನು ಸೆಮಿನಾರಿನಲ್ಲಿ ಹೇಳಿದರೂ ಸರಿ, ಬಿಟ್ಟರೂ ಸರಿ.

1976, ಎಮರ್ಜೆನ್ಸಿ. ನನಗೆ ಹತ್ತೊಂಬತ್ತು ತುಂಬಿರಲಿಲ್ಲ. ಯಾರೋ ಒಂದು ಕರಪತ್ರ ಅಚ್ಚಿಗೆ ಕೊಟ್ಟಿದ್ದರು. ನಾನು ಜೋಡಿಸಿದ್ದೆ. ಏನು ಬರೆದಿತ್ತು ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ. ಮೊಳೆ ಜೋಡಿಸುವಾಗ ಅಕ್ಷರ ಕಾಣುತ್ತೆ, ಅದೂ ತಿರುಗುಮುರುಗಾಗಿ, ಅರ್ಥ ಕಾಣಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಪೊಲೀಸಿನವರು ಬಂದರು. ಯಾರ ಹೆಸರನ್ನೂ ಕೇಳಲಿಲ್ಲ, ಕಾಗದವನ್ನೂ ತೋರಿಸಲಿಲ್ಲ. ಮೇಜಿನ ಮೇಲಿದ್ದ ಗ್ಯಾಲಿ, ಅಂದರೆ ಜೋಡಿಸಿದ ಮೊಳೆ ಇಟ್ಟಿದ್ದ ತಟ್ಟೆ, ಎತ್ತಿ ನೆಲಕ್ಕೆ ಸುರಿದು, ಇದ್ದ ಮೂವರನ್ನೂ ಜೀಪು ಹತ್ತಿಸಿದರು.

ಠಾಣೆಯಲ್ಲಿ ಯಾರೂ ಕೈ ಮಾಡಲಿಲ್ಲ. ಬೆಂಚಿನ ಮೇಲೆ ಕೂರಿಸಿದರು. ಒಬ್ಬ ಪೇದೆ ಪಾಪ, ಹೋಟೆಲಿನಿಂದ ಕಾಫಿ, ಬನ್ನು ತರಿಸಿಕೊಟ್ಟ. ಬನ್ನು ಕೈಯಲ್ಲಿ ಹಿಡಿದೇ ಕೂತಿದ್ದೆ. ‘ಬರೆದೋನು ಯಾರು’ ಅಂತ ಒಳಗಿದ್ದವರು ಆಗಾಗ ಬಂದು ಕೇಳೋರು, ಗೊತ್ತಿಲ್ಲ ಅಂದರೆ ‘ನಿಧಾನವಾಗಿ ಜ್ಞಾಪಿಸ್ಕೋ’ ಅಂತ ಹೋಗೋರು. ಎಷ್ಟು ಹೊತ್ತಿಗೆ ಬಿಡ್ತಾರೆ, ಬಿಡ್ತಾರೋ ಇಲ್ಲವೋ, ಅಮ್ಮನಿಗೆ ಯಾರು ಹೇಳ್ತಾರೆ? ಬನ್ನು ತಿಂದರೆ ಅದಕ್ಕೆ ಬದಲಾಗಿ ಏನಾದರೂ ಹೇಳಬೇಕಾಗುತ್ತೋ ಅಂತಲೂ ಒಂದು ಭಯ. ನಾಲ್ಕು ಗಂಟೆಗೆ, ಮನೆಗೆ ಹೋಗ್ರಯ್ಯ ಅಂದರು. ನೀವೇ ಎಣಿಸಿ, ಆರು ಗಂಟೆ.

ಹಕಲ್ ಕಥೆ ನಾನು ಓದಿದ್ದು ಇಪ್ಪತ್ತು ವರ್ಷ ಆದ ಮೇಲೆ. ಸ್ಟೇಕು, ಬಿಯರು ಅಂತ ಬಂದ ಸಾಲಿನಲ್ಲಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ. ಅವನು ಅದನ್ನು ತಿಂದನೋ ಇಲ್ಲವೋ ಅಂತ ತೀರ್ಪಿನಲ್ಲಿಲ್ಲ.

ಠಾಣೆಯಿಂದ ನೇರ ಪ್ರೆಸ್ಸಿಗೇ ಹೋದೆವು. ಸುರಿದಿದ್ದ ಮೊಳೆಗಳನ್ನು ಆರಿಸಿ, ಒರೆಸಿ, ಮತ್ತೆ ಕೇಸಿನ ಮನೆಮನೆಗೆ ತುಂಬೋಕೆ ಮೂವರಿಗೆ ಎರಡು ದಿನ ಹಿಡಿಯಿತು. ಒತ್ತಕ್ಷರಗಳು ಸಣ್ಣವು, ಎಷ್ಟೋ ತುಳಿತಕ್ಕೆ ಸಿಕ್ಕಿ ಮೂತಿ ಮುರಿದಿದ್ದವು, ಸ ಒತ್ತು ಕಡಿಮೆ ಬಿದ್ದದ್ದೂ ಅವತ್ತಿನಿಂದಲೇ ಇರಬೇಕು. ಶನಿವಾರ ಬಟವಾಡೆಯಲ್ಲಿ ಮಾಲೀಕರು ಅರ್ಧ ದಿನದ ಕೂಲಿ ಹಿಡಿದುಕೊಂಡರು, ಎರಡೂವರೆ ರೂಪಾಯಿ.